ಕರಿಹಲಗೆಗೆ ಬಂದ ಪ್ರಶ್ನೆ

ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ತರಗತಿಯ ಕರಿಹಲಗೆಗೆ ಬಲು ಜಂಬ. ಮೇಷ್ಟ್ರ ಮೇಜಿನ ಮೇಲಿದ್ದ ಮೊಬೈಲನ್ನು ಕಂಡು, "ಹರಟೆಮಲ್ಲ, ಇಲ್ಲಿ ನಿನಗೇನು ಕೆಲಸ? ನನ್ನೆದುರು ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ," ಎಂದಿತು.

"ಸಂಕಟ ಅದೇ ಅಣ್ಣಾ," ಎಂದಿತು ಮೊಬೈಲು. "ಎಂದೂ ಬಾಯಿಬಿಡದ ಬಿಂದುಶ್ರೀ ರಾತ್ರಿ ಕ್ಲಾಸಿನ ಗ್ರೂಪಿನಲ್ಲಿ ಕೇಳಿದ್ದಾಳೆ: 'ನಮ್ಮ ಹಿತ್ತಲ ದಾಸವಾಳ ದಿನಾ ಅರಳುತ್ತೆ, ಕಾಯಿ ಯಾಕೆ ಕಟ್ಟಲ್ಲ?' ಆಗಿನಿಂದ ಎಲ್ಲರದೂ ವಾದವೋ ವಾದ!"

ಅಷ್ಟರಲ್ಲಿ ಮೇಷ್ಟ್ರು ಬಂದು ಆ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದರು. ಕ್ಲಾಸಿನಲ್ಲಿ ಗದ್ದಲವೆದ್ದಿತು, ನಡುವೆ ಬಿಂದುಶ್ರೀಯ ದನಿಯೂ ಕೇಳಿತು. ಅಲ್ಲಿಯವರೆಗೆ ಬರೀ ಉತ್ತರಗಳನ್ನೇ ಹೊತ್ತಿದ್ದ ಹಲಗೆಗೆ ಮೈ ಜುಮ್ಮೆಂದಿತು.

ಗಂಟೆ ಹೊಡೆಯಿತು. ಒರೆಸಲು ಡಸ್ಟರ್ ಎಂದಿನಂತೆ ಮೇಲೆದ್ದಿತು.

"ಮುಟ್ಟಬೇಡ!" ಎಂದು ಕೂಗಿತು ಹಲಗೆ. "ವಾದ ಇನ್ನೂ ಮುಗಿದಿಲ್ಲ! ಮೊಬೈಲಪ್ಪಾ, ಬೇಗ ನನ್ನದೊಂದು ಫೋಟೊ ತೆಗೆದು ಗ್ರೂಪಿಗೆ ಹಾಕು!"