ಎಂಜಿನ್ ಒರೆಸುವ ಬಟ್ಟೆ

"ದಿನವೂ ತೊಳೆದುಕೊಳ್ಳುವ ಮನಸ್ಸು ಮತ್ತೆ ಮತ್ತೆ ಯಾಕೆ ಕೆಡುತ್ತದೆ, ಬುದ್ಧಿ?" ಎಂದು ಶಿವಮಲ್ಲಪ್ಪ ಕೇಳಿದ.

ಗುರುಪಾದಸ್ವಾಮಿಗಳು ಕೂತುಕೊಳ್ಳಪ್ಪ ಅಂದರು. ಕೂತ. ಕೂತವನು ಮತ್ತೆ ಎದ್ದ. ಮಠದ ಜಗುಲಿಯ ಈ ಕಂಬದಿಂದ ಆ ಕಂಬಕ್ಕೆ ನಡೆದ. ನಡೆಯುತ್ತಲೇ ತನ್ನ ಸಂಕಟ ಹೇಳಿಕೊಂಡ. ಅವನಿಗೆ ಸಿಟ್ಟು ಜಾಸ್ತಿ. ಹೊರಗಿನವರ ಮೇಲಲ್ಲ, ಹೆಂಡತಿ ದಾಕ್ಷಾಯಿಣಿಯ ಮೇಲೆ. ಕಾರಣ ಕೇಳಿದರೆ ಅವನಿಗೇ ನಗು ಬರುತ್ತದೆ; ಸಾರಿಗೆ ಉಪ್ಪು ಕಡಿಮೆಯಾಯಿತು, ಬಾಗಿಲು ಜೋರಾಗಿ ಹಾಕಿದಳು, ಇಂಥವೇ. ಆದರೆ ನಾಲಿಗೆ ಒಮ್ಮೆ ಹರಿದರೆ ಹಿಡಿಯುವವರಿಲ್ಲ. ಹಾಗಂತ ಅವನು ಕೆಟ್ಟವನಲ್ಲ. ಬೈದ ದಿನ ಹೊತ್ತು ಮುಳುಗುವುದರೊಳಗೆ ಒಂದು ಮೊಳ ಮಲ್ಲಿಗೆ ತಂದು ಕೈಗೆ ಕೊಡುತ್ತಾನೆ. ಅವಳು ಬಾಯಿ ತೆರೆಯುವ ಮೊದಲೇ ತಪ್ಪಾಯಿತು ಅಂದುಬಿಡುತ್ತಾನೆ. ಒಂದು ದಿನದ ಕೊಳೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡವನಲ್ಲ. ಇದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಆದರೆ ಈ ಸಲ ದಾಕ್ಷಾಯಿಣಿ ಹೂ ಮುಡಿಯಲಿಲ್ಲ. ಕಿಟಕಿಯ ಮೇಲಿಟ್ಟ ಹೂ ಅಲ್ಲೇ ಬಾಡಿತು. ಬೆಳಗ್ಗೆ ನೋಡಿದರೆ ಅಟ್ಟದ ಮೇಲಿದ್ದ ಟ್ರಂಕು ಕೆಳಗೆ ಇಳಿದಿದೆ. ಕೇಳಿದರೆ ಮಾತಿಲ್ಲ. ಅವಳು ಯಳಂದೂರಿನ ಅಣ್ಣನ ಮನೆಗೆ ಹೊರಟರೆ ಮರಳಿ ಬರುವವಳಲ್ಲ ಎಂದು ಅವನಿಗೆ ಗೊತ್ತು. ಅವನಿಗೆ ನಿಜಕ್ಕೂ ಭಯವಾಗಿತ್ತು.

ಸ್ವಾಮಿಗಳಿಗೆ ಒಂದು ಚಟವಿತ್ತು. ಮಠಕ್ಕೆ ಯಾರ ವಾಹನ ಬಂದರೂ ಬಾನೆಟ್ ಎತ್ತಿಸಿ ಒಳಗೆ ಇಣುಕುತ್ತಿದ್ದರು. ಗದ್ದುಗೆಗೆ ಕೈ ಮುಗಿಯುವುದನ್ನು ಮರೆತರೂ ಎಂಜಿನ್ ನೋಡುವುದನ್ನು ಮರೆಯುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆದ್ದರಿಂದ ಅವರು ಪುರಾಣದ ರಾಜನ ಕತೆ ಹೇಳಲಿಲ್ಲ. ನೀನು ಬೇಕಾದರೆ ನಡೆಯುತ್ತಲೇ ಕೇಳು ಎಂದು ಶುರು ಮಾಡಿದರು.

ಒಂದೂರಿನಲ್ಲಿ ಅಣ್ಣ ತಮ್ಮ ಇದ್ದರು. ಹೆಸರು ಕಟ್ಟಿಕೊಂಡು ಏನಾಗಬೇಕು, ಅಣ್ಣ, ತಮ್ಮ ಅಂದರೆ ಸಾಕು. ಅವರ ಹತ್ತಿರ ಓಟಕ್ಕೆಂದೇ ಮಾಡಿದ ಒಂದು ಕಾರಿತ್ತು. ನೆಲಕ್ಕೆ ಅಂಟಿಕೊಂಡಂಥ ಗಿಡ್ಡ ಕಾರು. ಎರಡೇ ಸೀಟು. ಬೆಟ್ಟದ ದಾರಿಯ ಪಂದ್ಯಗಳಲ್ಲಿ ಅಣ್ಣ ಓಡಿಸುತ್ತಿದ್ದ. ತಮ್ಮ ಪಕ್ಕದಲ್ಲಿ ಕೂತು, ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು ಎಂದು ಕೂಗಿ ಹೇಳುತ್ತಿದ್ದ. ಇಂಥ ಓಟದಲ್ಲಿ ಓಡಿಸುವವನಿಗೆ ಕೈ ಕಾಲು ಮಾತ್ರ. ಕಣ್ಣು ಪಕ್ಕದವನದು. ತಮ್ಮನಿಲ್ಲದೆ ಅಣ್ಣನಿಗೆ ಓಟವಿಲ್ಲ.

ಅವರಪ್ಪ ಗ್ಯಾರೇಜು ಇಟ್ಟಿದ್ದವನು. ಎಂಜಿನ್ ಅಂದರೆ ದೇವರ ಕೋಣೆ, ಕೊಳೆ ಇದ್ದಾಗ ಅದಕ್ಕೆ ಸ್ಪ್ಯಾನರ್ ಹಾಕಬಾರದು, ಒರೆಸದೆ ಬಾನೆಟ್ ಮುಚ್ಚಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದ. ಒಳ್ಳೆಯ ಮಾತೇ. ನಾನೇನೂ ಅದನ್ನು ತಳ್ಳಿಹಾಕುವುದಿಲ್ಲ. ತಮ್ಮ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಅಣ್ಣ ಮಾತ್ರ ಜೀವಕ್ಕೆ ಕಟ್ಟಿಕೊಂಡ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಒದ್ದೆ ಬಟ್ಟೆ ಹಿಡಿದು ಎಂಜಿನ್ನಿನ ಸಂದುಗೊಂದು ಬಿಡದೆ ಒರೆಸಿ, ಒಂದು ಬೊಟ್ಟು ಕುಂಕುಮ ಇಟ್ಟು, ಆಮೇಲೆ ತನ್ನ ಮುಖ ತೊಳೆಯುತ್ತಿದ್ದ. ನೋಡಿದವರು ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ?

ಒಂದು ಸಲ ಬೆಟ್ಟದ ಅಭ್ಯಾಸದಲ್ಲಿ ಎಂಜಿನ್ ಕಾದು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು, ಮುಂದಿನ ಗಾಜು ಬೆಳ್ಳಗಾಯಿತು. ತಿರುವು ಕಾಣಲಿಲ್ಲ. ಗಾಡಿ ನಿಂತಾಗ ತಮ್ಮನ ಕಡೆಯ ಚಕ್ರ ಕಮರಿಯ ಅಂಚಿನಲ್ಲಿತ್ತು. ತಮ್ಮ ಆ ಬಾಗಿಲು ತೆರೆಯಲಾರದೆ ಅಣ್ಣನ ಕಡೆಯಿಂದ ಇಳಿದ. ರೇಡಿಯೇಟರ್ ನೋಡಿದರೆ ಅರ್ಧಕ್ಕರ್ಧ ನೀರಿಲ್ಲ. ಎಂಜಿನ್ ತಂಪಿಗೆ ಹಾಕುವ ಹಸಿರು ನೀರು ಎಲ್ಲೋ ಸೋರಿಹೋಗುತ್ತಿದೆ. ಎಲ್ಲಿ ಎಂದು ಗೊತ್ತಿಲ್ಲ.

"ಅಣ್ಣಾ, ಅದು ಎಲ್ಲಿ ಸೋರುತ್ತದೆ ಅಂತ ನೀನು ನನಗೆ ಬೆರಳಿಟ್ಟು ತೋರಿಸು," ಎಂದ ತಮ್ಮ. "ಅಲ್ಲಿಯವರೆಗೆ ಓಟಕ್ಕೆ ನಾನು ನಿನ್ನ ಪಕ್ಕ ಕೂರುವುದಿಲ್ಲ."

ಜಗಳವಾಡಿ ಹೇಳಿದ್ದರೆ ಅಣ್ಣ ಲೆಕ್ಕಕ್ಕಿಡುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದು ಎದೆಗೆ ಇಳಿಯಿತು. ತಮ್ಮನಿಗೆ ತನ್ನ ಮೇಲಿನ ನಂಬಿಕೆಯೇ ಹೋಯಿತಲ್ಲ ಎಂದು ಅವನು ಒಳಗೊಳಗೇ ಕುದಿದ. ಓಟ ಬೇರೆ ಹತ್ತಿರ ಬರುತ್ತಿತ್ತು.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ರಬ್ಬರ್ ಪೈಪು ಬದಲಿಸಿದ. ನೀರು ಹೋಯಿತು. ರೇಡಿಯೇಟರ್ ಬದಲಿಸಿದ. ನೀರು ಹೋಯಿತು. ನೀರು ತಳ್ಳುವ ಪಂಪು ಹೊಸದು ಹಾಕಿದ. ಆಗಲೂ ಹೋಯಿತು. ಎಂಜಿನ್ ಒಳಗೇ ಇಳಿಯುತ್ತಿದೆಯೋ ಎಂದು ಆಯಿಲ್ ತೆಗೆದು ನೋಡಿದ. ಅದು ನೀರು ಬೆರೆತು ಹಾಲಿನಂತಾಗಿರಲಿಲ್ಲ. ಹೊಗೆ ನೋಡಿದ, ಬಿಳಿ ಹೊಗೆ ಇಲ್ಲ. ಮಲಗುವ ಮುಂಚೆ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ, ಎದ್ದ ಕೂಡಲೇ ಬಗ್ಗಿ ನೋಡುತ್ತಿದ್ದ. ಪೇಪರ್ ಒಣಗಿಕೊಂಡೇ ಇರುತ್ತಿತ್ತು. ಒಂದು ಹನಿ ಬಿದ್ದಿದ್ದರೆ ಅವನು ಕುಣಿದಾಡುತ್ತಿದ್ದ. ಊಟದ ನಡುವೆ ಎದ್ದು ಹೋಗಿ ಬಾನೆಟ್ ತೆಗೆಯುತ್ತಿದ್ದ. ಹೀಗೆ ಹುಡುಕುವಾಗಲೂ ಅಪ್ಪನ ಮಾತು ಮರೆಯಲಿಲ್ಲ. ಕೈ ಹಾಕುವ ಮೊದಲು ಒರೆಸುತ್ತಿದ್ದ. ಕೈ ತೆಗೆದ ಮೇಲೆಯೂ ಒರೆಸುತ್ತಿದ್ದ.

ಕೊನೆಗೆ ಒಂದು ದಿನ, ಓಡಿಸಿ ಬಂದವನು ತಣಿಯುವವರೆಗೆ ಕಾಯಲಾರದೆ, ಒಳಗೆ ನೀರೆಷ್ಟಿದೆ ನೋಡೋಣವೆಂದು ಕಾದ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಗಾಡಿ ಗೊತ್ತಿರುವ ಯಾರೂ ಮಾಡದ ಕೆಲಸ. ಕುದಿನೀರು ಬುಗ್ಗೆಂದು ಹಾರಿ ಬಲಗೈ ಬೆಂದಿತು.

ಡಾಕ್ಟರು ಮೊಣಕೈವರೆಗೆ ಬಟ್ಟೆ ಸುತ್ತಿ, ನೀರು ಮುಟ್ಟಿಸಕೂಡದು, ದಿನ ಬಿಟ್ಟು ದಿನ ಬಂದು ಕಟ್ಟು ಬದಲಿಸಿಕೊಂಡು ಹೋಗು ಎಂದರು. ಮನೆಯಲ್ಲಿದ್ದದ್ದು ಅದೊಂದೇ ಗಾಡಿ. ತಮ್ಮನೇ ನಿಧಾನಕ್ಕೆ ಓಡಿಸಿಕೊಂಡು ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹೊರಡುವ ಮುಂಚೆ ಕಡಿಮೆಯಾದಷ್ಟು ಹಸಿರು ನೀರು ತುಂಬುತ್ತಿದ್ದ, ಬಂದ ಮೇಲೆ ಬೀಗದ ಕೈ ಮೊಳೆಗೆ ನೇತುಹಾಕಿ ಒಳಗೆ ಹೋಗಿಬಿಡುತ್ತಿದ್ದ. ಒರೆಸುವ ಗೋಜಿಗೇ ಹೋಗಲಿಲ್ಲ. ಅಣ್ಣನಿಗೆ ಕೈಯ ಉರಿಗಿಂತ ಆ ಧೂಳಿನ ಉರಿ ಹೆಚ್ಚಾಯಿತು. ಒರೆಸೋ ಎಂದು ಹೇಳಿದ. ಆಯಿತು ಎಂದ ತಮ್ಮ, ಒರೆಸಲಿಲ್ಲ. ಗದರಿದ. ಅದಕ್ಕೂ ಆಯಿತು ಎಂದ. ಅವನೂ ಎಂಥ ಸೋಮಾರಿ ಅಂತೀಯ, ಬೆಂಕಿ ಬಿದ್ದರೂ ಮಗ್ಗುಲು ಬದಲಿಸಿ ಮಲಗುವ ಜಾತಿ.

ಅಣ್ಣ ತಡೆಯಲಾರದೆ ಎಡಗೈಯಲ್ಲೇ ಬಟ್ಟೆ ಹಿಡಿದು, ಬಕೆಟ್ಟಿನಲ್ಲಿ ಅದ್ದಹೊರಟ. ಕಟ್ಟು ಒದ್ದೆ ಮಾಡಿಕೊಂಡು ಕೈ ಕೊಳೆಸಿಕೊಳ್ಳುತ್ತಾನೆ ಎಂದು ತಮ್ಮನಿಗೆ ರೇಗಿತು. ಬಟ್ಟೆಯನ್ನು ಕಿತ್ತುಕೊಂಡು ಸೂರಿನ ಹೆಂಚಿನ ಮೇಲಕ್ಕೆ ಎಸೆದ. ಅಷ್ಟೆತ್ತರಕ್ಕೆ ಒಂದು ಕೈಯವನು ಹೇಗೆ ಹತ್ತುತ್ತಾನೆ? ಅಣ್ಣ ಅಂಗಳದಲ್ಲಿ ನಿಂತು ಮೇಲೆ ನೋಡಿದ, ಕಾರು ನೋಡಿದ, ಮತ್ತೆ ಮೇಲೆ ನೋಡಿದ. ಅಳು ಬರುವುದೊಂದು ಬಾಕಿ.

ಆಮೇಲಿನ ದಿನಗಳು ಅವನಿಗೆ ಮುಳ್ಳಿನ ಮೇಲೆ ಕೂತಂತಾದವು. ಬಾನೆಟ್ ತೆಗೆಯಲೇ ಇಲ್ಲ. ತೆಗೆದರೆ ಕೊಳೆ ನೋಡಬೇಕು, ನೋಡಿ ಸುಮ್ಮನಿರಬೇಕು, ಅದು ಅವನಿಂದಾಗದು. ಬಾನೆಟ್ಟಿನ ಮೇಲೆ ಎಡಗೈ ಇಟ್ಟು ನಿಲ್ಲುತ್ತಿದ್ದ, ತೆಗೆದುಕೊಳ್ಳುತ್ತಿದ್ದ, ಸುತ್ತಿ ಬಂದು ಮತ್ತೆ ಇಡುತ್ತಿದ್ದ.

ಕಟ್ಟು ಬಿಚ್ಚುವ ಕಾಲಕ್ಕೆ ಅವನ ಸಹನೆ ಮುಗಿಯಿತು. ಇವನ ಸೋಮಾರಿತನವನ್ನು ಇವನ ಕಣ್ಣಿಗೇ ತೋರಿಸಿ ಮಾನ ಕಳೆಯುತ್ತೇನೆಂದು ತಮ್ಮನನ್ನು ಎಳೆದುಕೊಂಡು ಬಂದು ಬಾನೆಟ್ ಎತ್ತಿದ. ನೋಡು, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎನ್ನಲು ಬಾಯಿ ತೆರೆದವನು ತೆರೆದಂತೆಯೇ ನಿಂತ.

ಧೂಳು ಹಿಡಿದ ಎಂಜಿನ್ನಿನ ಹಿಂಬದಿಯಲ್ಲಿ, ಅಣ್ಣನ ಬಟ್ಟೆ ಬಿಟ್ಟು ಬೇರೇನೂ ಹೋಗದ ಸಂದಿನಲ್ಲಿ, ಒಂದು ಹಸಿರು ಗೆರೆ ಇತ್ತು. ಹಳೆಯ ಗೋಡೆಯಲ್ಲಿ ಉಪ್ಪು ಎದ್ದಂತೆ ಅಂಚೆಲ್ಲ ಬೆಳ್ಳಗೆ ಪುಡಿಗಟ್ಟಿತ್ತು. ಅಣ್ಣ ಎಡಗೈ ಬೆರಳನ್ನು ಆ ಗೆರೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾ ಹೋದ. ಅದು ನೀರು ಹರಿಯುವ ಒಂದು ಕಬ್ಬಿಣದ ಕೊಳವೆಯ ಬೆಸುಗೆಯಲ್ಲಿ ಮುಗಿಯಿತು. ಅಲ್ಲಿ ಕೂದಲೆಳೆಯಷ್ಟು ಬಿರುಕು.

ಎಂಜಿನ್ ಕಾದಾಗ ಮಾತ್ರ ಆ ಬಿರುಕು ಬಾಯಿ ಬಿಡುತ್ತಿತ್ತು, ತಣಿದರೆ ಮುಚ್ಚಿಕೊಳ್ಳುತ್ತಿತ್ತು. ಬಂದ ನೀರು ನೆಲಕ್ಕೆ ಬೀಳುವ ಮೊದಲೇ ಕಾದ ಲೋಹದ ಮೇಲೆ ಆರಿ ಹೋಗುತ್ತಿತ್ತು. ಪೇಪರ್ ಒದ್ದೆಯಾಗುವುದೆಲ್ಲಿಂದ? ಹಿಂದೆ ಉಳಿಯುತ್ತಿದ್ದದ್ದು ಒಂದಿಷ್ಟು ಕಲೆ. ಒಂದು ದಿನದ ಕಲೆ ಕಣ್ಣಿಗೆ ಕಾಣುವಂಥದ್ದಲ್ಲ, ದಿನದ ಮೇಲೆ ದಿನ ಕೂಡಬೇಕು. ಅಣ್ಣ ಕೂಡಲು ಬಿಟ್ಟರೆ ತಾನೆ? ಆ ಬಿರುಕು ದಿನಾ ಸಂಜೆ ತಾನೆಲ್ಲಿದ್ದೇನೆಂದು ಗೆರೆ ಎಳೆದು ತೋರಿಸುತ್ತಿತ್ತು, ಇವನು ದಿನಾ ಸಂಜೆ ಭಕ್ತಿಯಿಂದ ಅಳಿಸಿ ಕುಂಕುಮ ಇಡುತ್ತಿದ್ದ.

ಅಣ್ಣ ಬೆರಳು ತೆಗೆಯದೆ ತಮ್ಮನ ಮುಖ ನೋಡಿದ. ತಮ್ಮ ಬಗ್ಗಿ ಬಿರುಕು ನೋಡಿದ. ಕೊಳವೆ ಬದಲಾಯಿತು. ಓಟದ ದಿನ ತಮ್ಮ ಬಂದು ಪಕ್ಕದಲ್ಲಿ ಕೂತ. ಹೆಂಚಿನ ಮೇಲಿನ ಬಟ್ಟೆ ಅಲ್ಲೇ ಉಳಿಯಿತು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಶಿವಮಲ್ಲಪ್ಪ ಯಾವಾಗಲೋ ಕಂಬಕ್ಕೆ ಒರಗಿ ಕೂತಿದ್ದ. ಅವರು ಗೆದ್ದರೇ ಎಂದು ಕೇಳಿದ. ಸ್ವಾಮಿಗಳು, ಹೆಂಡತಿ ಟ್ರಂಕು ಇಳಿಸಿದ್ದಾಳೆ, ನಿನಗೆ ಯಾರದೋ ಓಟದ ಚಿಂತೆಯೇ ಎಂದು ನಕ್ಕರು. ಅವನು ನಾಚಿ ತಲೆ ಕೆರೆದುಕೊಂಡ. ಆಮೇಲೆ ಜಾಣನಂತೆ ಎದ್ದು ನಿಂತ.

"ಹಾಗಾದರೆ ನಾನು ತಪ್ಪಾಯಿತು ಅನ್ನುವುದೇ ತಪ್ಪೇ, ಬುದ್ಧಿ?" ಎಂದು ಕೇಳಿದ. "ಮಲ್ಲಿಗೆ ಕೊಂಡೊಯ್ಯುವುದನ್ನು ಬಿಟ್ಟುಬಿಡಲೇ?"

ಸ್ವಾಮಿಗಳು ಅವನಿಗೆ ಮತ್ತೆ ಕೂರಲು ಕೈ ತೋರಿಸಿದರು.

"ಹೂ ಇರಲಿ ಮಲ್ಲಪ್ಪ, ನೀನು ತಪ್ಪಾಯಿತು ಅನ್ನುವ ಮೊದಲು ಅವಳು ಬಾಯಿ ತೆರೆದಿದ್ದರೆ ಏನು ಹೇಳುತ್ತಿದ್ದಳು?"