ತವರ ಸೆರಗಿನವ್ವ

ಹಿರೇಮಗ್ಗಿ ಊರ ಮುಂದಿನ ದಿಬ್ಬದ ಮೇಲೆ ಸಣ್ಣದೊಂದು ಕಲ್ಲಿನ ಗುಡಿಯಿದೆ. ಒಳಗಿನ ದೇವಿಯ ಹೆಸರು ತವರ ಸೆರಗಿನವ್ವ. ಊರ ತುಂಬ ಇಳಕಲ್ ಸೀರೆಯ ಮಗ್ಗಗಳು. ಇಲ್ಲಿನ ಸೆರಗಿಗೆ ಸ್ವಂತದ್ದೊಂದು ಚಿತ್ತಾರವಿದೆಯೆಂದು ಯಾರೋ ಹೇಳಿದ್ದನ್ನು ನಂಬಿ, ಅದನ್ನು ಬರೆದುಕೊಳ್ಳಲು ನಾನು ಮೂರು ಸಲ ಬಂದೆ. ಮೂರು ಸಲವೂ ತಲೆ ಕೆಟ್ಟು ಹಿಂದಿರುಗಿದೆ.

ಹಿಂದೆ ಒಮ್ಮೆ, ದೇಸಾಯರ ಕಾಲವಿರಬೇಕು, ತೊರೆಹಾಳದ ಸಂಕವ್ವ ಇಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದಳಂತೆ. ಆ ವರ್ಷ ದೇವಿಯ ಹಬ್ಬದ ಸೀರೆ ನೇಯುವ ಪಾಳಿ ಆ ಮನೆಯದು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮೈ ಮುಗಿಯುವಷ್ಟರಲ್ಲಿ ಅತ್ತೆ ನೀಲಗಂಗವ್ವ ಜ್ವರದಿಂದ ಮಲಗಿದಳು. ಸೆರಗು ಸೊಸೆಯ ಪಾಲಿಗೆ ಬಂತು. ಇಲ್ಲಿನವರು ನೇಯುತ್ತಿದ್ದದ್ದು ಜೋಳದ ತೆನೆ, ತೊರೆಹಾಳದವರದು ಹಣಿಗೆಯ ಹಲ್ಲು. ಸಂಕವ್ವನ ಕೈ ರೂಢಿಯಂತೆ ಹಣಿಗೆಯನ್ನೇ ನೇಯ್ದುಬಿಟ್ಟಿತು. ಅದು ಹೇಗಾಯಿತೆಂದು ಅವಳಿಗೇ ತಿಳಿಯಲಿಲ್ಲ, ಪಾಪ. ಹಬ್ಬದ ಬೆಳಿಗ್ಗೆ ಸೀರೆ ಬಿಚ್ಚಿದ ಹಿರಿಯರು ಕೆಂಡವಾದರು.

“ಬ್ಯಾರೆ ಊರ ಗುರ್ತು ನಮ್ಮ ದೇವಿ ಮೈಮ್ಯಾಲೆ? ಸೆರಗ ಕತ್ತರಿಸ್ರಿ. ಈಕಿನ್ನ ತವರಿಗೆ ಕಳಿಸ್ರಿ!”

ನೀಲಗಂಗವ್ವ ಕಂಬಳಿ ಹೊದ್ದುಕೊಂಡೇ ಎದ್ದು ಬಂದಳು. “ತೆನಿ ಈ ಊರದ್ದಂತ ಯಾರು ಹೇಳಿದ್ರು? ನಮ್ಮತ್ತಿ ತನ್ನ ತವರಿಂದ ತಂದದ್ದದು. ಕತ್ತರಿಸೂದಾದ್ರ ನಿಮ್ಮ ಹೆಂಡ್ರು ಉಟ್ಟದ್ದೂ ಕತ್ತರಿಸ್ರಿ. ಸೊಸಿ ಹೋದ್ರ ನಾನೂ ಹೋಗತೇನಿ.”

ಹಾಗಾದರೆ ಅದಕ್ಕೂ ಮೊದಲು ಊರಿನದು ಯಾವುದಿತ್ತು? ಯಾರಿಗೂ ಗೊತ್ತಿರಲಿಲ್ಲ. ಸೀರೆ ಇಡಿಯಾಗಿಯೇ ದೇವಿಗೇರಿತು, ಸಂಕವ್ವ ಉಳಿದಳು, ದೇವಿಗೆ ಈ ಹೆಸರು ಬಂತು ಎನ್ನುತ್ತಾರೆ. ತೊರೆಹಾಳದವರನ್ನು ಕೇಳಿದರೆ ತೆನೆ ತಮ್ಮದು, ಹಣಿಗೆಯೇ ಹಿರೇಮಗ್ಗಿಯದು ಎನ್ನುತ್ತಾರೆ. ಯಾರನ್ನು ನಂಬುವುದೋ ನಾನರಿಯೆ.

ಅಂದಿನಿಂದ ಪ್ರತಿವರ್ಷ ಹೊಸ ಸೊಸೆಯೊಬ್ಬಳು ತನ್ನ ತವರಿನ ಚಿತ್ತಾರದಲ್ಲಿ ದೇವಿಯ ಸೆರಗು ನೇಯುತ್ತಾಳೆ. ಈಗ ಹೋದವರಿಗೆ ಕಾಣುವುದು ಚಿತ್ತಾರವೇ ಇಲ್ಲದ, ಬರೀ ಕೆಂಪು ಸೆರಗು. ಈ ಸಲದ ಸೊಸೆ ಬೆಳೆದದ್ದು ಅನಾಥಾಶ್ರಮದಲ್ಲಿ. ತವರಿಲ್ಲದ ಹುಡುಗಿ ಏನನ್ನು ನೇಯ್ದಾಳು?

“ಇದನ್ನು ಯಾವ ಊರಿನದೆಂದು ಬರೆದುಕೊಳ್ಳಲಿ?” ಎಂದು ಪೂಜಾರಿಣಿಯನ್ನು ಕೇಳಿದೆ.

“ಆಕಿಗೆ ತವರಂದ್ರ ಈ ಊರ್ರೀ,” ಎಂದಳು ಆಕೆ. “ಇದೊಂದು ನಮ್ಮೂರದ್ದಂತ ಬರ್ಕೋರಿ.”