ಬಿಳಿ ಅಂಗಿಯ ಚಿಪ್ಪಿನ ಗುಂಡಿ

ಮಕ್ಕಳೇ, ನೆಟ್ಟಗೆ ಕುಳಿತುಕೊಳ್ಳಿ. ಕಾಲು ಮಡಚಿ. ಕೈ ಕಟ್ಟಿ. ಹಾಂ, ಈಗ ಕೇಳಿ.

ನಮ್ಮದು ಒಳ್ಳೆಯ ಮನೆತನ. ಊರಿಗೆಲ್ಲ ಗೊತ್ತು. ನನ್ನ ಅಜ್ಜ ಚೌರಪ್ಪನವರು ಚರ್ಚಿನ ಗಂಟೆ ಬಾರಿಸುತ್ತಿದ್ದರು. ಒಂದು ದಿನವೂ ತಡ ಮಾಡಲಿಲ್ಲ. ನನ್ನ ತಂದೆ ಜೋಜಪ್ಪ ಮೇಷ್ಟ್ರು. ಒಂದು ದಿನವೂ ಸುಳ್ಳು ಹೇಳಲಿಲ್ಲ. ನಾನು ರೆಜಿನಮ್ಮ. ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಮನೆಯಲ್ಲಿ ಯಾರೂ ಗುಂಡಿ ಇಲ್ಲದ ಅಂಗಿ ತೊಟ್ಟು ಹೊರಗೆ ಹೋಗಿಲ್ಲ.

ನಮ್ಮ ಮನೆಯಲ್ಲಿ ಒಂದು ಬಿಳಿ ಅಂಗಿ ಇದೆ. ಪುಟ್ಟ ಅಂಗಿ. ಪಾಪುವಿನ ಅಂಗಿ. ಪಾಪುವನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತಾರಲ್ಲ, ಫಾದರ್ ತಲೆಗೆ ನೀರು ಹಾಕಿ ಹೆಸರಿಡುತ್ತಾರಲ್ಲ, ಆ ದಿನದ ಅಂಗಿ. ಅದನ್ನು ನನ್ನ ತಂದೆ ತೊಟ್ಟರು. ಆಮೇಲೆ ನಾನು ತೊಟ್ಟೆ. ಆಮೇಲೆ ನನ್ನ ಮಗ ತೊಟ್ಟ. ಅದರ ಕೊರಳಿಗೆ ಒಂದೇ ಒಂದು ಗುಂಡಿ. ಚಿಪ್ಪಿನ ಗುಂಡಿ. ಪಳಪಳ ಹೊಳೆಯುವ ಗುಂಡಿ.

ನನ್ನ ಮಗನಿಗೆ ಮಗು ಹುಟ್ಟಿತು. ಹೆಣ್ಣು ಮಗು. ಭಾನುವಾರ ಹೆಸರಿಡಬೇಕು. ಶನಿವಾರ ನಾನು ಪೆಟ್ಟಿಗೆಯಿಂದ ಅಂಗಿ ತೆಗೆದೆ. ನೀರಿನಲ್ಲಿ ಕುದಿಸಿದೆ. ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿದೆ. ಗೋಡೆಯ ಮೇಲೆ ಬಿಸಿಲಿಗೆ ಹರಡಿದೆ.

ಕಾಗೆ ಬಂತು. ಗುಂಡಿ ನೋಡಿತು. ಎಳೆಯಿತು. ಬರಲಿಲ್ಲ. ಅದು ನಾನು ಹೊಲಿದ ಗುಂಡಿ. ಮತ್ತೆ ಎಳೆಯಿತು. ಬರಲಿಲ್ಲ. ಮತ್ತೂ ಎಳೆಯಿತು. ಪಟ್. ದಾರ ಹರಿಯಿತು. ಗುಂಡಿ ಹೋಯಿತು.

ನನ್ನ ಸೊಸೆ ಸೆಲೀನಾ ಅಂಗಿಯನ್ನು ಎತ್ತಿ ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು.

"ಅತ್ತೆ, ಹಳೆಯದು ಅಂತ ನಾನು ಬೇಡ ಅನ್ನುವುದಿಲ್ಲ. ಆದರೆ ನನ್ನ ಮಗಳು ಕೊರಳು ತೆರೆದುಕೊಂಡು ಚರ್ಚಿಗೆ ಹೋಗುವುದಿಲ್ಲ. ಹೊಸ ಅಂಗಿ ಇದೆಯಲ್ಲ, ಅದನ್ನೇ ಹಾಕುತ್ತೇನೆ."

ಇತ್ತು. ಪೇಟೆಯಿಂದ ತಂದ ಹೊಸ ಅಂಗಿ ಇತ್ತು. ಡಬ್ಬದಲ್ಲಿತ್ತು. ಲೇಸು ಇತ್ತು. ರಿಬ್ಬನ್ನು ಇತ್ತು.

ನಾನು ಬೇರೆ ಗುಂಡಿ ಹಾಕಿ ನೋಡಿದೆ. ಒಂದು ಗುಂಡಿ ಕಾಜಕ್ಕೆ ದೊಡ್ಡದಾಯಿತು. ಒಂದು ಗುಂಡಿ ಕಾಜಕ್ಕೆ ಚಿಕ್ಕದಾಯಿತು. ಆ ಗುಂಡಿಯೇ ಬೇಕು. ಅದು ಬಾರದಿದ್ದರೆ ನಮ್ಮ ಅಂಗಿ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಗೆ ಹೋದರೆ ಆಮೇಲೆ ಯಾರು ತೆಗೆಯುತ್ತಾರೆ? ಯಾರೂ ತೆಗೆಯುವುದಿಲ್ಲ.

ಸೆರಗು ಸರಿಮಾಡಿಕೊಂಡೆ. ಹೊರಟೆ.

ಕಾಗೆ ಹುಣಸೆ ಮರದಲ್ಲಿತ್ತು. ನಾನು ಗೋಗರೆಯಲಿಲ್ಲ. ನೆಟ್ಟಗೆ ನಿಂತು ಕೇಳಿದೆ.

"ಕಾಗಕ್ಕ, ಗುಂಡಿ ಕೊಡು. ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ."

ಕೊಡುವುದಿಲ್ಲ ಎಂದಿತು ಕಾಗೆ. ಅದರ ಗೂಡು ಚುಚ್ಚುತ್ತದಂತೆ. ಮರಿಗೆ ನಿದ್ದೆಯೇ ಇಲ್ಲವಂತೆ. ಗುಂಡಿ ಹಿಡಿದುಕೊಂಡು ಆಡುತ್ತಾ ಕುಳಿತಿದೆಯಂತೆ. ಗೂಡಿಗೆ ಉಣ್ಣೆ ಹಾಸಿದರೆ ಮರಿ ಮಲಗುತ್ತದೆ. ಮರಿ ಮಲಗಿದರೆ ಗುಂಡಿ ಬಿಡುತ್ತದೆ.

ಹೊಸ ಉಣ್ಣೆಯೇ ಆಗಬೇಕೇ ಎಂದು ಕೇಳಿದೆ. ಬೇಲಿಗೆ ಸಿಕ್ಕಿ ಉಳಿದದ್ದಾದರೂ ಆದೀತಂತೆ. ಮೆತ್ತಗಿದ್ದರೆ ಸಾಕಂತೆ.

ಸರಿ. ಕುರಿಯ ಹತ್ತಿರ ಹೋದೆ.

ಕುರಿ ದೊಡ್ಡಿಯಲ್ಲಿತ್ತು. ನಾನು ಗೋಗರೆಯಲಿಲ್ಲ. ನೆಟ್ಟಗೆ ನಿಂತು ಕೇಳಿದೆ.

"ಕುರಿಯಮ್ಮ, ಉಣ್ಣೆ ಕೊಡು. ಉಣ್ಣೆ ಕಾಗೆಗೆ. ಕಾಗೆ ಗುಂಡಿ ಕೊಡುತ್ತದೆ. ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ."

ಕೊಡುವುದಿಲ್ಲ ಎಂದಿತು ಕುರಿ. ಅದರ ಮರಿ ಬಲು ತುಂಟ. ಅಮ್ಮ ಈ ಕಡೆ ನೋಡಿದರೆ ಮರಿ ಆ ಕಡೆ. ಅಮ್ಮ ಆ ಕಡೆ ನೋಡಿದರೆ ಮರಿ ರಾಗಿ ಹೊಲದಲ್ಲಿ. ಮರಿಯ ಕೊರಳಿಗೆ ಒಂದು ಗೆಜ್ಜೆ ಬೇಕಂತೆ. ಗೆಜ್ಜೆ ತಂದರೆ ಉಣ್ಣೆ ಕೊಡುತ್ತದಂತೆ.

ಹೊಸ ಗೆಜ್ಜೆಯೇ ಆಗಬೇಕೇ ಎಂದು ಕೇಳಿದೆ. ಹಳೆಯದಾದರೂ ಆದೀತಂತೆ. ಸದ್ದು ಬಂದರೆ ಸಾಕಂತೆ.

ಸರಿ. ಹಸುವಿನ ಹತ್ತಿರ ಹೋದೆ.

ಹಸು ಕೊಟ್ಟಿಗೆಯಲ್ಲಿತ್ತು. ಹುಲ್ಲು ಮೆಲ್ಲುತ್ತಿತ್ತು. ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಬಾರದು. ಹಸುವಿಗೆ ಅದು ಗೊತ್ತು. ನಿಮಗೂ ಗೊತ್ತಿರಲಿ. ಹಸು ನುಂಗುವವರೆಗೆ ಕಾದೆ. ನಾನು ಗೋಗರೆಯಲಿಲ್ಲ. ನೆಟ್ಟಗೆ ನಿಂತು ಕೇಳಿದೆ.

"ಹಸುವಮ್ಮ, ಗೆಜ್ಜೆ ಕೊಡು. ಗೆಜ್ಜೆ ಕುರಿಗೆ. ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕಾಗೆಗೆ. ಕಾಗೆ ಗುಂಡಿ ಕೊಡುತ್ತದೆ. ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ."

ಗೆಜ್ಜೆ ಇತ್ತು. ದೊಡ್ಡ ಕರುವಿನ ಗೆಜ್ಜೆ. ಕರುವಿನ ಕೊರಳು ದಪ್ಪವಾಯಿತು. ಗೆಜ್ಜೆ ಬಿಚ್ಚಿ ಗೂಟಕ್ಕೆ ನೇತುಹಾಕಿತ್ತು. ಆದರೂ ಕೊಡುವುದಿಲ್ಲ ಎಂದಿತು ಹಸು. ಈಗ ಚಿಕ್ಕ ಕರು ಇದೆ. ಅದಕ್ಕೆ ತೊಟ್ಟಿಯ ನೀರು ಎಟಕುವುದಿಲ್ಲವಂತೆ. ಅದಕ್ಕೊಂದು ಮಣ್ಣಿನ ಬಾನಿ ಬೇಕಂತೆ. ಬಾನಿ ತಂದು ನೀರು ತುಂಬಿಸಿದರೆ ಗೆಜ್ಜೆ ಕೊಡುತ್ತದಂತೆ.

ಹೊಸ ಬಾನಿಯೇ ಆಗಬೇಕೇ ಎಂದು ಕೇಳಿದೆ. ಹಳೆಯದಾದರೂ ಆದೀತಂತೆ. ಸೋರದಿದ್ದರೆ ಸಾಕಂತೆ.

ಸರಿ. ಕುಂಬಾರರ ಪುಟ್ಟಮಾದಮ್ಮನ ಹತ್ತಿರ ಹೋದೆ.

ಪುಟ್ಟಮಾದಮ್ಮ ಅಂಗಳದಲ್ಲಿದ್ದಳು. ಮಡಿಲಲ್ಲಿ ಕೂಸು. ಪಕ್ಕದಲ್ಲಿ ಬಾನಿ. ನಾನು ಗೋಗರೆಯಲಿಲ್ಲ. ನೆಟ್ಟಗೆ ನಿಂತು ಕೇಳಿದೆ.

"ಪುಟ್ಟಮಾದಮ್ಮ, ಬಾನಿ ಕೊಡು. ಬಾನಿ ಹಸುವಿಗೆ. ಹಸು ಗೆಜ್ಜೆ ಕೊಡುತ್ತದೆ. ಗೆಜ್ಜೆ ಕುರಿಗೆ. ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕಾಗೆಗೆ. ಕಾಗೆ ಗುಂಡಿ ಕೊಡುತ್ತದೆ. ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ."

ಪುಟ್ಟಮಾದಮ್ಮ ನಕ್ಕಳು. ಕೂಸನ್ನು ಎತ್ತಿ ತೋರಿಸಿದಳು.

"ಅಮ್ಮಾವ್ರೆ, ನಂಗೆ ಐದು ಮಕ್ಕಳು. ದೊಡ್ಡವನ ಅಂಗಿ ಎರಡನೆಯವಳಿಗೆ. ಎರಡನೆಯವಳ ಅಂಗಿ ಮೂರನೆಯವನಿಗೆ. ಮೂರನೆಯವನ ಅಂಗಿ ನಾಲ್ಕನೆಯವಳಿಗೆ. ನಾಲ್ಕನೆಯವಳ ಅಂಗಿ ಈ ಕೂಸಿಗೆ. ಇದು ಅಂಗಿನೋ ಕಿಟಕಿನೋ ನೀವೇ ಹೇಳಿ. ಇದಕ್ಕೊಂದು ಹೊಸ ಅಂಗಿ ತನ್ನಿ. ಬಾನಿ ತಗೊಂಡು ಹೋಗಿ."

ಹೊಸ ಅಂಗಿಯೇ ಆಗಬೇಕೇ ಎಂದು ಕೇಳಿದೆ.

"ಹೊಸದೇ ಆಗಬೇಕು" ಎಂದಳು.

ನಾನು ಕೂಸನ್ನು ನೋಡಿದೆ. ಅಂಗಿಗೆ ಒಂದು ತೋಳಿಲ್ಲ. ಬೆನ್ನು ಅರ್ಧ ಇಲ್ಲ. ಕೂಸು ಆ ತೂತಿನಿಂದ ಕೈ ಹೊರಗೆ ಹಾಕಿ ನನ್ನ ಸೆರಗು ಹಿಡಿಯಿತು. ಹಳೆಯದು ಒಳ್ಳೆಯದೇ. ಆದರೆ ಅಂಗಿ ಎಂದರೆ ತೋಳಿರಬೇಕು. ಪುಟ್ಟಮಾದಮ್ಮ ಹೇಳಿದ್ದು ಸರಿ.

ಆದರೆ ಪೇಟೆಯ ಬಸ್ಸು ಆಗಲೇ ಹೋಗಿತ್ತು. ಊರಿನಲ್ಲಿ ಕೂಸಿನ ಹೊಸ ಅಂಗಿ ಎಲ್ಲಿದೆ? ಒಂದೇ ಕಡೆ ಇದೆ. ಡಬ್ಬದಲ್ಲಿದೆ. ಲೇಸು ಇದೆ. ರಿಬ್ಬನ್ನು ಇದೆ.

ಸರಿ. ಸೆಲೀನಾಳ ಹತ್ತಿರ ಹೋದೆ.

ಸೆಲೀನಾ ತೊಟ್ಟಿಲು ತೂಗುತ್ತಿದ್ದಳು. ನಾನು ಗೋಗರೆಯಲಿಲ್ಲ. ನೆಟ್ಟಗೆ ನಿಂತು ಕೇಳಿದೆ.

"ಸೆಲೀನಾ, ಹೊಸ ಅಂಗಿ ಕೊಡು. ಹೊಸ ಅಂಗಿ ಪುಟ್ಟಮಾದಮ್ಮನಿಗೆ. ಪುಟ್ಟಮಾದಮ್ಮ ಬಾನಿ ಕೊಡುತ್ತಾಳೆ. ಬಾನಿ ಹಸುವಿಗೆ. ಹಸು ಗೆಜ್ಜೆ ಕೊಡುತ್ತದೆ. ಗೆಜ್ಜೆ ಕುರಿಗೆ. ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕಾಗೆಗೆ. ಕಾಗೆ ಗುಂಡಿ ಕೊಡುತ್ತದೆ. ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ."

ಸೆಲೀನಾ ತೊಟ್ಟಿಲು ನಿಲ್ಲಿಸಿದಳು.

"ಅತ್ತೆ, ಹೊಸದನ್ನು ಕೊಟ್ಟುಬಿಡುತ್ತೇನೆ. ಆಮೇಲೆ ಕಾಗೆ ಗುಂಡಿ ಕೊಡದಿದ್ದರೆ? ನನ್ನ ಮಗಳಿಗೆ ಹೊಸದೂ ಇಲ್ಲ, ಹಳೆಯದೂ ಇಲ್ಲ."

"ಕೊಡುತ್ತದೆ. ನಾನು ಹೋಗಿ ಕೇಳಿದ್ದೇನೆ" ಎಂದೆ.

ಸೆಲೀನಾ ಸುಮ್ಮನೆ ಒಪ್ಪುವವಳಲ್ಲ. ಅಂಗಿ ತೊಳೆದಿದ್ದೀರಾ ಎಂದು ಕೇಳಿದಳು. ಕುದಿಸಿದ್ದೇನೆ ಎಂದೆ. ಹೊಲಿಗೆ ಗಟ್ಟಿ ಇದೆಯೇ ಎಂದು ಕೇಳಿದಳು. ಎಳೆದು ನೋಡಿದ್ದೇನೆ ಎಂದೆ. ಪಿನ್ನು ಗಿನ್ನು ಉಳಿದಿದೆಯೇ ಎಂದು ಕೇಳಿದಳು. ಬೆರಳಾಡಿಸಿ ನೋಡಿದ್ದೇನೆ ಎಂದೆ. ಕೇಳಬೇಕಾದದ್ದೇ. ತಾಯಿ ಎಂದ ಮೇಲೆ ಕೇಳಬೇಕು.

ಆಮೇಲೆ ಅವಳು ಹೊಸ ಅಂಗಿಯ ಲೇಸನ್ನು ಪಾಪುವಿನ ಕೆನ್ನೆಗೆ ತಾಗಿಸಿದಳು. ಪಾಪು ಮುಖ ಕಿವುಚಿತು. ಹಳೆಯ ಅಂಗಿಯನ್ನು ಕೆನ್ನೆಗೆ ತಾಗಿಸಿದಳು. ಪಾಪು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಬಿಡಿಸಿದರೂ ಬಿಡಲಿಲ್ಲ.

ಸೆಲೀನಾ ಡಬ್ಬ ಮುಚ್ಚಿದಳು. ನನ್ನ ಕೈಗೆ ಕೊಟ್ಟಳು.

"ಕತ್ತಲಾಗುವುದರೊಳಗೆ ಗುಂಡಿ ತನ್ನಿ, ಅತ್ತೆ. ನಾನು ಸೂಜಿಗೆ ದಾರ ಹಾಕಿರುತ್ತೇನೆ."

ಸೆಲೀನಾ ಹೊಸ ಅಂಗಿ ಕೊಟ್ಟಳು. ನಾನು ಹೊಸ ಅಂಗಿ ಪುಟ್ಟಮಾದಮ್ಮನಿಗೆ ಕೊಟ್ಟೆ. ಕೂಸು ಹೊಸ ಅಂಗಿ ತೊಟ್ಟಿತು. ಎರಡೂ ತೋಳು ಇದ್ದವು. ನಾಲ್ಕು ಮಕ್ಕಳೂ ಸುತ್ತ ನಿಂತು ನೋಡಿದರು.

ಪುಟ್ಟಮಾದಮ್ಮ ಬಾನಿ ಕೊಟ್ಟಳು. ಬಾನಿ ಭಾರ. ತಲೆಯ ಮೇಲೆ ಇಟ್ಟುಕೊಂಡೆ. ನೆಟ್ಟಗೆ ನಡೆದರೆ ಬೀಳುವುದಿಲ್ಲ. ನಾನು ಬಾನಿ ಹಸುವಿಗೆ ಕೊಟ್ಟೆ. ನೀರು ತುಂಬಿಸಿದೆ. ಸೋರಲಿಲ್ಲ. ಕರು ಸೊರ್ ಸೊರ್ ಎಂದು ಕುಡಿಯಿತು.

ಹಸು ಗೆಜ್ಜೆ ಕೊಟ್ಟಿತು. ನಾನು ಗೆಜ್ಜೆ ಕುರಿಗೆ ಕೊಟ್ಟೆ. ಮರಿಯ ಕೊರಳಿಗೆ ಕಟ್ಟಿದೆ. ಮರಿ ಈ ಕಡೆ ಓಡಿತು. ಘಲ್ ಘಲ್. ಮರಿ ಆ ಕಡೆ ಓಡಿತು. ಘಲ್ ಘಲ್. ಅಮ್ಮನಿಗೆ ಎಲ್ಲ ಕೇಳಿಸಿತು.

ಕುರಿ ಉಣ್ಣೆ ಕೊಟ್ಟಿತು. ನಾನು ಉಣ್ಣೆ ಕಾಗೆಗೆ ಕೊಟ್ಟೆ. ಕಾಗೆ ಗೂಡಿಗೆ ಹಾಸಿತು. ಮರಿ ಅದರಲ್ಲಿ ಹೂತುಕೊಂಡಿತು. ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಮುಚ್ಚಿತು. ಕೊಕ್ಕು ತೆರೆಯಿತು. ಗುಂಡಿ ಜಾರಿತು.

ಕಾಗೆ ಗುಂಡಿ ಕೊಟ್ಟಿತು. ನಾನು ಗುಂಡಿ ಸೆಲೀನಾಳಿಗೆ ಕೊಟ್ಟೆ. ಸೆಲೀನಾ ಗುಂಡಿಯನ್ನು ಅಂಗಿಗೆ ಹೊಲಿದಳು. ನಾನು ಎಳೆದು ನೋಡಿದೆ. ಗಟ್ಟಿಯಾಗಿತ್ತು. ನಾನು ಹೊಲಿದದ್ದಕ್ಕಿಂತ ಗಟ್ಟಿಯಾಗಿತ್ತು.

ಗುಂಡಿ ಅಂಗಿಗೆ. ಅಂಗಿ ಪಾಪುವಿಗೆ.

ಭಾನುವಾರ ಪಾಪು ಚರ್ಚಿಗೆ ಹೋಯಿತು. ಬಿಳಿ ಅಂಗಿ ತೊಟ್ಟು ಹೋಯಿತು. ಕೊರಳಿನ ಗುಂಡಿ ಹಾಕಿಕೊಂಡು ಹೋಯಿತು. ಫಾದರ್ ತಲೆಗೆ ನೀರು ಹಾಕಿದರು. ಪಾಪು ಅಳಲಿಲ್ಲ. ಅಪೋಲಿನಾ ಎಂದು ಹೆಸರಿಟ್ಟರು.

ಮನೆಗೆ ಬಂದೆವು. ಎಲ್ಲರೂ ಊಟಕ್ಕೆ ಕುಳಿತರು. ಅಷ್ಟರಲ್ಲಿ ಕಾಗೆ ಬಂತು. ಗೋಡೆಯ ಮೇಲೆ ಕುಳಿತಿತು. ಕಾ ಕಾ ಎಂದಿತು. ಅದಕ್ಕೂ ಊಟ ಬೇಕಂತೆ.

ನಾನು ಎಲೆಯಲ್ಲಿ ಅನ್ನ ಹಾಕಿಕೊಂಡು ಹೊರಗೆ ಬಂದೆ. ಕಾಗೆ ಕೊಕ್ಕು ಚಾಚಿತು. ನಾನು ಎಲೆಗೆ ಕೈ ಅಡ್ಡ ಇಟ್ಟೆ.

ಪುಟ್ಟಮಾದಮ್ಮ ಕದಿಯಲಿಲ್ಲ. ಅವಳಿಗೆ ಹೊಸ ಅಂಗಿ ಸಿಕ್ಕಿತು. ಹಸು ಕದಿಯಲಿಲ್ಲ. ಅದಕ್ಕೆ ಬಾನಿ ಸಿಕ್ಕಿತು. ಕುರಿ ಕದಿಯಲಿಲ್ಲ. ಅದಕ್ಕೆ ಗೆಜ್ಜೆ ಸಿಕ್ಕಿತು. ಕಾಗೆ ಕದ್ದಿತು. ಅದಕ್ಕೂ ಉಣ್ಣೆ ಸಿಕ್ಕಿತು. ಮನೆಗೆ ಬಂದು ಉಣ್ಣೆ ಬೇಕು ಎಂದಿದ್ದರೆ ನಾನೇ ತಂದು ಕೊಡುತ್ತಿದ್ದೆ. ಅದು ಕೇಳಲಿಲ್ಲ. ಗುಂಡಿ ಕಿತ್ತುಕೊಂಡು ಹಾರಿತು.

"ಕಾಗಕ್ಕ, ಊಟ ಆಮೇಲೆ. ಮೊದಲು ಕ್ಷಮೆ ಕೇಳು."